ಬಾಲದ ಕ್ಷೇಮಕ್ಕೆ ಬರೆಯಿರಿ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಸಂಜೆಯ ಗಾಡಿಗೆ ಹೊರಟುಹೋದರು. ಮರುದಿನ ಬೆಳಿಗ್ಗೆ ಎದ್ದು ಮೂರು ಕಪ್ ಚಹಾ ಮಾಡಿದೆ. ಅತ್ತೆ ಮೂರನೆಯ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅದನ್ನೂ ಕುಡಿದರು. ಯಾವುದನ್ನೂ ಹಾಳುಮಾಡುವುದು ಅವರ ಸ್ವಭಾವದಲ್ಲಿಲ್ಲ.

ಬಳಿಕ ನಾವಿಬ್ಬರೂ ಬಾಲವನ್ನು ನೋಡುತ್ತ ಕುಳಿತೆವು.

ಬಾಲ ಪಡಸಾಲೆಯ ಗೂಟದಲ್ಲಿ ತೂಗುತ್ತಿತ್ತು. ಐದು ಮೊಳ ಉದ್ದ. ಒಳಗೆ ಬೆತ್ತ, ಅದರ ಮೇಲೆ ಸೆಣಬಿನ ಸುತ್ತು, ಮೇಲೆ ಕೆಂಪು ಉಣ್ಣೆ, ತುದಿಗೆ ಒಂದು ಹಿತ್ತಾಳೆಯ ಗೆಜ್ಜೆ. ಹನುಮಂತನ ಬಾಲ. ಎಂಟು ತಿಂಗಳ ಹಿಂದೆ ನನ್ನ ಗಂಡ ಅದನ್ನು ತುಳಸಿಗೇರಿಯ ದೊಡ್ಡಾಟದ ಮೇಳದಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದರು.

ನನ್ನ ಗಂಡ ದತ್ತಾತ್ರೇಯ ಬಾದಾಮಿಯ ಮಾಮಲೇದಾರ ಕಚೇರಿಯಲ್ಲಿ ಎರಡನೆಯ ಕಾರಕೂನರು. ಗೋಡೆಯ ಹಲ್ಲಿಗೆ ಹೆದರುತ್ತಿದ್ದರು. ಯಾರಿಗೂ ಇಲ್ಲವೆನ್ನಲು ಬರುತ್ತಿರಲಿಲ್ಲ. ಮನೆಗೆ ಬೀಗ ಹಾಕಿದ ಮೇಲೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಿದ್ದರು. ಬಾದಾಮಿಯಲ್ಲಿ ಕಳ್ಳರಿಗಿಂತ ಕೋತಿಗಳ ಕಾಟ ಹೆಚ್ಚು. ಕೋತಿಗಳು ಬಾಗಿಲಿನಿಂದ ಬರುವುದಿಲ್ಲ, ಮಾಳಿಗೆಯ ಬೆಳಕಿಂಡಿಯಿಂದ ಬರುತ್ತವೆ. ಇದನ್ನು ನಾನು ಎಷ್ಟೋ ಸಲ ಹೇಳಿದ್ದೆ. ಅವರು ಹೌದೆಂದು ತಲೆಯಾಡಿಸಿ ಬೀಗ ಜಗ್ಗುತ್ತಿದ್ದರು.

ನಮ್ಮ ಮದುವೆಯ ಫೋಟೋ ಒಂದಿದೆ. ಅದರಲ್ಲಿ ನನ್ನ ಮುಖ ಸ್ಪಷ್ಟವಾಗಿದೆ. ಅವರ ಮುಖದ ಮೇಲೆ ಬಾಸಿಂಗದ ಮುತ್ತಿನ ಸರಗಳಿವೆ. ಸರಗಳ ನಡುವೆ ಮೂಗಿನ ತುದಿ ಇದೆ. ಬೇರೆ ಫೋಟೋ ಇಲ್ಲ.

ಇಂಥವರು ಹನುಮಂತನಾದದ್ದು ತಮ್ಮ ಇಚ್ಛೆಯಿಂದಲ್ಲ. ಕಳೆದ ಮಾಘಮಾಸದಲ್ಲಿ ಮದರಾಸಿನಿಂದ ಒಂದು ಸಿನಿಮಾ ಕಂಪನಿ ಪೌರಾಣಿಕ ಚಿತ್ರ ತೆಗೆಯಲು ಬಾದಾಮಿಗೆ ಬಂದಿತು. ಪರವಾನಗಿಯ ಕಾಗದ ಹಿಡಿದುಕೊಂಡು ಅವರ ಜೊತೆ ಇರಲು ಕಚೇರಿಯವರು ನನ್ನ ಗಂಡನನ್ನು ಕಳಿಸಿದರು. ಹನುಮಂತನ ಪಾತ್ರದ ನಟ ಭಾರಿ ಆಳು. ಟಾಂಗಾದಲ್ಲಿ ಆತ ಉಸಿರೆಳೆದುಕೊಂಡರೆ ಪಕ್ಕದವರು ಇಳಿಯಬೇಕಾಗುತ್ತಿತ್ತು. ಕಿರೀಟ, ಗದೆ, ಬಾಲಗಳ ಸಮೇತ ಆತ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತು ಸಿಗರೇಟು ಸೇದುತ್ತಿದ್ದ. ಊರ ಹೆಂಗಸರು ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದು ಮುಗಿಯುವಂತಿರಲಿಲ್ಲ.

ಮನುಷ್ಯರಿಗೆ ಆತ ಹನುಮಂತನಾಗಿ ಕಂಡ. ಕೋತಿಗಳಿಗೆ ಮಾತ್ರ ಬೇರೆ ಊರಿನ ಕೋತಿಯಾಗಿ ಕಂಡ. ಎರಡನೆಯ ದಿನ ಸುಮಾರು ಮೂವತ್ತು ಕೋತಿಗಳು ಕೋಟೆಯಿಂದ ಇಳಿದುಬಂದು ಅವನ ಬಾಲವನ್ನು ಕಿತ್ತು, ಹರಿದು, ಹತ್ತಿಯನ್ನೆಲ್ಲ ಕೆರೆಯ ನೀರಿಗೆ ಬಿಟ್ಟವು. ಆತ ಎರಡನೆಯ ಗುಹೆಯೊಳಗೆ ಹೋಗಿ ಕುಳಿತವನು ಪೊಲೀಸರು ಬಂದ ಮೇಲೆಯೇ ಹೊರಗೆ ಬಂದದ್ದು. ಇನ್ನು ಬಂಡೆ ಏರುವುದಿಲ್ಲ, ಏರಿದವರು ಯಾರೇ ಆದರೂ ಅದು ತಾನೇ ಎಂದು ತಿಳಿಯಬಹುದು ಎಂದು ಹೇಳಿ ಬಂಗಲೆಗೆ ಹೋಗಿ ಮಲಗಿದ.

ಕಂಪನಿಯ ಮ್ಯಾನೇಜರು ಸುತ್ತಲೂ ನೋಡಿದ. ಕಾಗದ ಹಿಡಿದು ನಿಂತಿದ್ದ ನನ್ನ ಗಂಡ ಕಣ್ಣಿಗೆ ಬಿದ್ದರು.

“ಸಾರ್, ಸ್ವಲ್ಪ ಆ ಕಡೆ ತಿರುಗ್ತೀರಾ?”

ಇವರು ತಿರುಗಿದರು.

“ಬೆನ್ನು ಪರವಾಗಿಲ್ಲ. ಎದೆಗೂ ತೋಳಿಗೂ ಹತ್ತಿ ತುಂಬೋಣ. ದೂರದಿಂದ ತೆಗೆದರೆ ಹತ್ತಿ ಯಾವುದು, ಮಾಂಸ ಯಾವುದು, ಯಾರಿಗೂ ಗೊತ್ತಾಗಲ್ಲ.”

ಮೂವತ್ತೊಂದು ವರ್ಷದಲ್ಲಿ ಅವರ ಶರೀರದ ಯಾವ ಭಾಗವನ್ನೂ ಯಾರೂ ಪರವಾಗಿಲ್ಲ ಎಂದಿರಲಿಲ್ಲ. ಒಪ್ಪಿಕೊಂಡು ಮನೆಗೆ ಬಂದರು.

“ವೇಷಾ ಹಾಕ್ತೀ?” ಎಂದರು ಅತ್ತೆ. “ನಿಮ್ಮ ಅಪ್ಪ ವೇದಾ ಹೇಳಿಕೊಟ್ಟ ಮನೀ ಇದು.”

“ಹನುಮಪ್ಪಂದು, ಅವ್ವಾ.”

ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಾಲ್ಕು ಕಾಯಿ ಸುಲಿದ ಮೇಲೆ ಹೇಳಿದರು. “ಹಂಗಾದ್ರ ಸ್ನಾನಾ ಮಾಡಿ ಹಾಕ್ಕೋ.”

ಬಾಲ ಬೇಕಿತ್ತು. ತುಳಸಿಗೇರಿಯ ಮೇಳದಲ್ಲಿ ಒಳ್ಳೆಯ ಬಾಲವಿದೆಯೆಂದು ಯಾರೋ ಹೇಳಿದರು. ಅದರ ಯಜಮಾನಿ ಲಗಮವ್ವ. ಅವಳ ಗಂಡ ಮೂವತ್ತು ವರ್ಷ ಹನುಮಂತನಾಗಿ ಕುಣಿದವನು. ಅವನು ಹೋದ ಮೇಲೆ ವೇಷದ ಪೆಟ್ಟಿಗೆ ಅವಳ ಸುಪರ್ದಿನಲ್ಲಿತ್ತು. ಬಾಲ ಕೊಡಲು ಅವಳ ಕರಾರುಗಳಿದ್ದವು. ಬಾಲ ಊರೊಳಗೆ ಗಂಟಿನಲ್ಲಿ ಬರಬಾರದು, ಊರಿನಿಂದ ಗಂಟಿನಲ್ಲಿ ಹೋಗಲೂಬಾರದು. ಯಾರಾದರೊಬ್ಬರ ನಡುವಿಗೆ ಕಟ್ಟಿರಬೇಕು. ಒಯ್ಯುವಾಗ ಕಟ್ಟುವವಳು ಅವಳೇ, ಮರಳಿ ತಂದಾಗ ಬಿಚ್ಚುವವಳೂ ಅವಳೇ. ಬಿಚ್ಚುವಾಗ ಗಂಟನ್ನು ಕೈಯಲ್ಲಿ ಹಿಡಿದು ಮೂರು ಮಾತು ಕೇಳುತ್ತಾಳೆ. ಖರೆ ಹೇಳಬೇಕು. ಸುಳ್ಳು ಹೇಳಿದರೆ ಮುಂದಿನ ಆಟದಲ್ಲಿ ಹನುಮಂತನಿಗೆ ರಾಮನ ಎದುರು ಮಾತು ಮರೆತುಹೋಗುತ್ತದೆ. ನನ್ನ ಗಂಡ ಎಲ್ಲಕ್ಕೂ ಹೌದೆಂದು, ಬಾಲ ಕಟ್ಟಿಕೊಂಡು ತುಳಸಿಗೇರಿಯ ಅಗಸಿಬಾಗಿಲಿನವರೆಗೆ ನಡೆದು, ಅಲ್ಲಿ ಬಿಚ್ಚಿ ಬಸ್ಸು ಹತ್ತಿದರು.

ಹಾರುವ ದೃಶ್ಯವನ್ನು ನಾನು ನೋಡಲಿಲ್ಲ. ನೋಡಿದವರು ಊರ ತುಂಬ ಇದ್ದರು. ಮಾಮಲೇದಾರರೂ ಇದ್ದರೆಂದು ಆಮೇಲೆ ತಿಳಿಯಿತು, ಏಕೆಂದರೆ ಮೂರನೆಯ ದಿನ ಕಚೇರಿಯ ಕಾಗದ ಬಂದಿತು. ‘ತಾವು ತಾರೀಖು ೧೨ರಂದು ಕಚೇರಿಯ ವೇಳೆಯಲ್ಲಿ ಪೂರ್ವಾನುಮತಿ ಇಲ್ಲದೆ ಉತ್ತರದ ಕೋಟೆಯ ಬಂಡೆಯಿಂದ ಹಾರಿದ್ದು ಗಮನಕ್ಕೆ ಬಂದಿದೆ. ಕಾರಣ ತಿಳಿಸಬೇಕು.’

ಇವರು ಎರಡು ದಿನ ಊಟ ಬಿಟ್ಟು ಉತ್ತರ ಬರೆದರು. ‘ನಾನು ಹಾರಿರುವುದಿಲ್ಲ. ಹಾರುವವನಂತೆ ನಿಂತು, ಅಲ್ಲಿಂದ ಆಳೆತ್ತರ ಕೆಳಗೆ ಇಳಿದಿರುತ್ತೇನೆ. ಕೆಳಗೆ ನಾಲ್ವರು ಜಮಖಾನೆ ಹಿಡಿದಿದ್ದರು. ಅವರಲ್ಲಿ ಒಬ್ಬನು ನಮ್ಮ ಕಚೇರಿಯ ಸಿಪಾಯಿ. ಜಮಖಾನೆಯೂ ಕಚೇರಿಯದೇ.’

ಮಾಮಲೇದಾರರು ಅದರ ಮೇಲೆ ಕೆಂಪು ಮಸಿಯಲ್ಲಿ ಬರೆದರು. ‘ಮುಂದೆ ಹಾರುವುದಿದ್ದರೆ ಅರ್ಜಿ ಕೊಟ್ಟು ಹಾರತಕ್ಕದ್ದು.’

ಬಾಲವನ್ನು ಹಾರಿದ ಮರುದಿನವೇ ಮರಳಿಸುವವರಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಗುರುಲಿಂಗವ್ವ ಬಂದಳು. ಅವಳ ಎಮ್ಮೆ ಹಾಲು ಬಿಟ್ಟುಕೊಡುತ್ತಿರಲಿಲ್ಲ.

“ದತ್ತೋಪಂತ, ಒಮ್ಮಿ ಬಾಲದಿಂದ ಅದರ ಬೆನ್ನ ಸವರಿ ಬಿಡಪಾ. ನಿನಗೇನ ಕಳಕೊಳ್ಳೂದೈತಿ.”

ಇವರು ಸವರಿದರು. ಎಮ್ಮೆ ಅರ್ಧ ಸೇರು ಹೆಚ್ಚು ಕೊಟ್ಟಿತು. ಹಿಂದಿನ ದಿನ ಅದಕ್ಕೆ ಹಿಂಡಿ ಬದಲಾಯಿಸಿದ್ದರೆಂದು ನಾನು ಹೇಳಿದೆ. ನನ್ನ ಬಿ.ಎ. ಪದವಿಗೆ ನಮ್ಮ ಓಣಿಯಲ್ಲಿ ಮೊದಲಿನಿಂದಲೂ ಅಷ್ಟಾಗಿ ಬೆಲೆಯಿಲ್ಲ. ಅಲ್ಲಿಂದ ಬಾಲಕ್ಕೆ ಪುರಸೊತ್ತು ಸಿಗಲಿಲ್ಲ. ಎತ್ತಿನ ಕಾಲಿಗೆ, ಸೊಸೆಯ ತಲೆನೋವಿಗೆ, ಬತ್ತಿದ ಬಾವಿಗೆ ಅದನ್ನು ಒಯ್ದರು. ಮೂರು ಮನೆ ಆಚೆಯ ಅಮೀನಬಿ ತನ್ನ ಹೊಲಿಗೆಯ ಯಂತ್ರ ದಾರ ಕಡಿಯುತ್ತದೆಂದು ಅದಕ್ಕೂ ಸವರಿಸಿಕೊಂಡು ಹೋದಳು. ಇಲ್ಲವೆನ್ನಲು ನನ್ನ ಗಂಡನಿಗೆ ಬರುತ್ತಿರಲಿಲ್ಲ.

ತುಳಸಿಗೇರಿಯಿಂದ ಕಾರ್ಡು ಬರತೊಡಗಿದವು. ಲಗಮವ್ವನಿಗೆ ಓದುಬರಹವಿಲ್ಲ, ಸಾಲಿಯ ಮಾಸ್ತರರು ಬರೆದುಕೊಡುತ್ತಿದ್ದರು. ‘ದತ್ತೋಪಂತರಿಗೆ ಲಗಮವ್ವನ ಶರಣಾರ್ಥಿ. ನಾವೆಲ್ಲ ಇಲ್ಲಿ ಕ್ಷೇಮ. ಬಾಲದ ಕ್ಷೇಮಕ್ಕೆ ಬರೆಯಿರಿ.’ ಇವರು ಪ್ರತಿ ಕಾರ್ಡಿಗೂ ಉತ್ತರ ಬರೆದರು. ಬಾಲ ಕ್ಷೇಮ, ಬರುವ ಆದಿತ್ಯವಾರ ತರುತ್ತೇನೆ. ಹೀಗೆ ಮೂರು ಕಾರ್ಡು, ಎಂಟು ತಿಂಗಳು.

ಕೊನೆಗೆ ಒಂದು ಆದಿತ್ಯವಾರ ನಿಜವಾಗಿ ಹೊರಟರು. ಬಾಲ ಅಟ್ಟದ ಮೇಲಿತ್ತು. ನಮ್ಮ ಸ್ಟೂಲಿನ ಒಂದು ಕಾಲು ಅಲುಗುತ್ತದೆ, ಯಾರಾದರೂ ಹಿಡಿಯಬೇಕು. “ಕುಮುದಾ, ಸ್ಟೂಲ ಹಿಡೀ ಬಾ” ಎಂದು ಕರೆದರು. “ಬಂದೆ” ಎಂದೆ. ಓದುತ್ತಿದ್ದ ಪುಟದಲ್ಲಿ ನಾಲ್ಕು ಸಾಲು ಉಳಿದಿದ್ದವು.

ಬಿದ್ದಾಗ ಬೀಸುವ ಕಲ್ಲಿನ ಅಂಚು ಅವರ ತಲೆಗೆ ತಾಗಿತು. ಬಾಲ ಕೈಯಲ್ಲಿತ್ತು. ಗೆಜ್ಜೆಯ ಸದ್ದಿಗೆ ಮೊದಲು ಓಡಿಬಂದವಳು ಗುರುಲಿಂಗವ್ವ. ಸ್ಟೂಲನ್ನು ಅವರ ಮೇಲಿಂದ ಎತ್ತಿದವಳೂ ಅವಳೇ.

ಇದು ನಡೆದದ್ದು. ಇದಕ್ಕಿಂತ ಹೆಚ್ಚು ನಡೆದಿಲ್ಲ.

ಆ ಬೆಳಿಗ್ಗೆ ಚಹಾ ಮುಗಿದ ಮೇಲೆ ತಲಾಠಿ ಬಂದ. ಹುಟ್ಟುಸಾವು ಬರೆದುಕೊಳ್ಳುವವನು. ಅವನ ಹೆಸರು ಯಮನಪ್ಪ. ಇದರಲ್ಲಿ ನನ್ನ ಕೈವಾಡವಿಲ್ಲ. ನನ್ನ ಗಂಡನ ಗೆಳೆಯ. ಹದಿಮೂರು ದಿನ ಕಾಡಬಾರದೆಂದು ಕಾದಿದ್ದ. ಕಟ್ಟೆಯ ಮೇಲೆ ಕುಳಿತು ದಫ್ತರ ಬಿಚ್ಚಿದ.

“ಕಾರಣ ಏನಂತ ಬರೀಲ್ರಿ ಬಾಯಾರ?”

“ಸ್ಟೂಲಿನಿಂದ ಬಿದ್ದರು.”

ಯಮನಪ್ಪ ಬರೆಯಲಿಲ್ಲ. ಸ್ಟೂಲನ್ನು ತರಿಸಿ ನೋಡಿದ. ಗೇಣಿನಿಂದ ಅಳೆದ.

“ಮೂರು ಗೇಣ ಇಲ್ರೀ ಇದು.”

“ಇಲ್ಲ.”

“ಬಾಯಾರ, ಇದು ಸರಕಾರಿ ದಫ್ತರ. ನೂರು ವರ್ಸ ಇರತೈತಿ. ಮುಂದ ಯಾರರ ತೆರದು ನೋಡ್ತಾರ. ಹನುಮಪ್ಪ ಆದಾವ, ಇಡೀ ಬಾದಾಮಿ ನೋಡೂ ಹಂಗ ಹಾರಿದಾವ, ಮೂರು ಗೇಣಿನ ಸ್ಟೂಲಿಂದ ಬಿದ್ದ ಅಂತ ನಾ ಹೆಂಗ ಬರೀಲಿ? ನನ್ನ ಕೈ ಬರೂದಿಲ್ರಿ.” ಅವನ ಕಣ್ಣು ತುಂಬಿದ್ದವು. “ಗುಡ್ಡ ಅಂತ ಬರೀತೇನಿ.”

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಸ್ಟೂಲನ್ನು ಒಳಗೆ ಒಯ್ದೆ. ಗುಡ್ಡವನ್ನು ಯಾರೂ ಹಿಡಿದುಕೊಳ್ಳಬೇಕಾಗಿರಲಿಲ್ಲ.

ಯಮನಪ್ಪ ದುಂಡಗೆ ಬರೆದು, ಮಸಿ ಆರಲೆಂದು ಊದಿ, ಹೋದ.

ಮಧ್ಯಾಹ್ನದ ಹೊತ್ತಿಗೆ ಗುಡ್ಡ ಊರೆಲ್ಲ ಹಬ್ಬಿತ್ತು. ಗುರುಲಿಂಗವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದಳು.

“ನನಗ ಅವತ್ತ ಸಂಶೇ ಇತ್ತ ತಂಗಿ. ಗುಡ್ಡದಿಂದ ಬಿದ್ದಾರ ಅಂತ ಈಗ ಖಾತ್ರಿ ಆತು.”

“ಗುರುಲಿಂಗವ್ವ, ಸ್ಟೂಲ್ ಎತ್ತಿದವರು ನೀವ.”

“ಎತ್ತೇನಿ. ಇಲ್ಲ ಅಂದಿಲ್ಲ. ಆದ್ರ ಬಿದ್ದದ್ದು ಮಾಘದಾಗ, ಜೀವಾ ಬಿಟ್ಟದ್ದು ಈಗ. ನಡಕ ಎಂಟ ತಿಂಗಳ ಪೆಟ್ಟ ಒಳಗ ಕುಂತಿತ್ತು. ನಮ್ಮ ಮಾವಂಗ ಹನ್ನೊಂದ ವರ್ಸ ಕುಂತಿತ್ತು. ಸ್ಟೂಲ ಒಂದ ನೆವಾ.”

ಇಂಥ ತರ್ಕವನ್ನು ನಾನು ಬಿ.ಎ. ಓದಿದ ಕರ್ನಾಟಕ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಅದಾದ ನಾಲ್ಕನೆಯ ದಿನ ಮಾಮಲೇದಾರರು ಬಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ದತ್ತೋಪಂತರಲ್ಲಿ ಹಾರುವ ಶಕ್ತಿಯನ್ನು ಮೊದಲು ಗುರುತಿಸಿದವರು ತಾವೇ, ಪ್ರೋತ್ಸಾಹಿಸಿ ಕಾಗದ ಬರೆದವರೂ ತಾವೇ ಎಂದರು. ಆ ಕಾಗದ ಇನ್ನೂ ಇದೆಯೇ ಎಂದು ಕೇಳಿದರು. ಇದೆಯೆಂದೆ. ಅವರು ಚಹಾ ಬೇಡವೆಂದು ಎದ್ದರು. ಅಂದು ಸಂಜೆ ಉತ್ತರದ ಕೋಟೆಯ ಬಂಡೆಯ ಮೇಲೆ ಯಾರೋ ನನ್ನ ಗಂಡನ ಹೆಜ್ಜೆಗುರುತನ್ನು ಕಂಡುಹಿಡಿದು ಕುಂಕುಮ ಹಚ್ಚಿದರು. ಹೆಜ್ಜೆ ಒಂದೂವರೆ ಗೇಣಿತ್ತಂತೆ. ನನ್ನ ಗಂಡ ಆರನೆಯ ನಂಬರಿನ ಚಪ್ಪಲಿಯೊಳಗೆ ಕಾಗದ ತುರುಕಿ ಹಾಕಿಕೊಳ್ಳುತ್ತಿದ್ದರು.

ಅತ್ತೆ ಆ ಹೆಜ್ಜೆಗೆ ಹೋಗಿ ನಮಸ್ಕಾರ ಮಾಡಿ ಬಂದರು. ಇಷ್ಟು ದಿನ ಸರಿಯಾಗಿ ಉಣ್ಣದವರು ಅಂದು ಅರ್ಧ ರೊಟ್ಟಿ ಉಂಡರು. ಅದನ್ನು ನೋಡಿದ ಮೇಲೆ ಸ್ಟೂಲಿನ ಮಾತು ನನ್ನ ಬಾಯಿಗೆ ಬರುವುದು ಕಷ್ಟವಾಯಿತು. ಸ್ಟೂಲನ್ನು ಹಿತ್ತಲಲ್ಲಿ ಕಟ್ಟಿಗೆಯ ಹಿಂದೆ ಇಟ್ಟೆ.

ಆಗ ನಾಲ್ಕನೆಯ ಕಾರ್ಡು ಬಂತು. ‘ದತ್ತೋಪಂತರು ತೀರಿಕೊಂಡ ಸುದ್ದಿ ಕೇಳಿ ಭಾಳ ದುಃಖವಾಯಿತು. ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ. ಬಾಲದ ಕ್ಷೇಮಕ್ಕೆ ಬರೆಯಿರಿ. ಬರುವ ಸೋಮವಾರ ಆಟ ಅದೆ.’

ಅದೇ ವಾರ ಸಿನಿಮಾ ಬಾಗಲಕೋಟೆಗೆ ಬಂದಿದೆಯೆಂದು ಯಮನಪ್ಪ ಓಡುತ್ತ ಬಂದು ಹೇಳಿದ. ಅವನು ಎರಡು ಸಲ ನೋಡಿ ಬಂದಿದ್ದ.

“ಅದಾರ್ರಿ ಅದರಾಗ. ಖರೇನ ಅದಾರ.”

“ಮುಖ ಕಾಣಿಸ್ತದೇನು?”

ಯಮನಪ್ಪ ನೆಲ ನೋಡಿದ. “ಬೆನ್ನ ಕಾಣತೈತ್ರಿ. ಭಾಳ ಚಂದ ಕಾಣತೈತಿ.”

ಗಂಡ ಸತ್ತು ತಿಂಗಳಾಗದ ಹೆಂಗಸು ಹೊಸ್ತಿಲು ದಾಟಬಾರದು. ಸಿನಿಮಾ ನೋಡುವ ಮಾತಂತೂ ಯಾವ ಶಾಸ್ತ್ರದಲ್ಲೂ ಇಲ್ಲ; ಬೇಡವೆಂದು ಹೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅತ್ತೆಯೋ, ಇಪ್ಪತ್ತು ವರ್ಷದಿಂದ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು, ಮಡಿ ಬಿಟ್ಟು ಬಾವಿಯವರೆಗೂ ಹೋಗದವರು. ಅವರು ಕಾರ್ಡನ್ನು ಓದಿಸಿ ಕೇಳಿದರು. ಬಾಲವನ್ನು ನೋಡಿದರು.

“ಬ್ರಹ್ಮಚಾರಿ ದೇವರ ಬಾಲ. ಇಬ್ಬರು ವಿಧವೇರ ಮನ್ಯಾಗ ಎಷ್ಟು ದಿನಾ ಇರಬೇಕು. ನಾಳೆ ಒಯ್ದು ಕೊಡೂಣು.” ಸ್ವಲ್ಪ ಹೊತ್ತಿನ ಮೇಲೆ, “ಹಾದಿಯೊಳಗ ಬಾಗಲಕೋಟಿ ಅದ.”

“ಹೌದು.”

“ಸಿನೇಮಾ ನೋಡಬಾರದು. ಅದು ಖರೆ. ದೇವರ ದರ್ಶನಕ್ಕ ಅಡ್ಡಿ ಇಲ್ಲ.”

ಬಾಲವನ್ನು ಹಳೆಯ ಧೋತರದಲ್ಲಿ ಸುತ್ತಿ ರೈಲು ಹತ್ತಿದೆವು. ಗಾಡಿ ಅಲುಗಿದಂತೆಲ್ಲ ಗಂಟಿನೊಳಗೆ ಗೆಜ್ಜೆ ಸದ್ದು ಮಾಡುತ್ತಿತ್ತು. ಎದುರಿಗೆ ಕುಳಿತ ಮುದುಕ, ಕರು ಮಾರಾಟಕ್ಕೇನ್ರಿ ಎಂದು ಕೇಳಿದ. ಅತ್ತೆ ಅವನ ಕಡೆ ನೋಡಲಿಲ್ಲ.

ಬಾಗಲಕೋಟೆಯ ಥೇಟರಿನ ಮುಂದೆ ಚಪ್ಪಲಿಯ ರಾಶಿ ಬಿದ್ದಿತ್ತು. ಜನ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿ ಟಿಕೀಟು ಹರಿಯುವವನೇ ತೀರ್ಥವನ್ನೂ ಕೊಡುತ್ತಿದ್ದ. ಎಡಗೈಯಿಂದ ಟಿಕೀಟು, ಬಲಗೈಯಿಂದ ತೀರ್ಥ. ಗದ್ದಲ ಹೆಚ್ಚಾದಾಗ ಕೈ ಅದಲುಬದಲಾಗುತ್ತಿತ್ತು. ಮೂರು ಗಂಟೆಯ ಆಟ. ನಾವು ಹೆಂಗಸರ ಕಡೆ ಹಿಂದಿನ ಬೆಂಚಿನಲ್ಲಿ ಕುಳಿತೆವು. ಬಾಲ ನನ್ನ ತೊಡೆಯ ಮೇಲಿತ್ತು.

ಹನುಮಂತ ಮೊದಲ ಸಲ ಪರದೆಯ ತುಂಬ ಬಂದಾಗ ಮುಂದಿನ ಸಾಲಿನಲ್ಲಿ ನಾಲ್ಕು ತೆಂಗಿನಕಾಯಿ ಒಡೆದವು. ಯಾರೋ ಕರ್ಪೂರ ಹಚ್ಚಿದರು. ಆ ಮದರಾಸಿನ ನಟ ಕಣ್ಣು ಅಗಲಿಸಿ ರಾಮಾ ಎಂದ. ಅವನ ಒಂದೊಂದು ಕಣ್ಣು ನಮ್ಮ ಮನೆಯ ಬಾಗಿಲಿನಷ್ಟಿತ್ತು.

ಅತ್ತೆ ನನ್ನ ಮೊಣಕೈ ಹಿಡಿದರು. ಅವರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿದೆ.

“ದತ್ತೂ” ಎಂದರು.

ನಾನು ತೊಡೆಯ ಮೇಲಿನ ಗಂಟನ್ನು ಸರಿಮಾಡಿಕೊಂಡೆ.

“ಎಷ್ಟ ಮೈ ತುಂಬ್ಯಾನ ನೋಡು. ನಮ್ಮ ಮನ್ಯಾಗ ಏನ ಉಣಿಸಿದ್ರೂ ಮೈಗೆ ಹತ್ತಲಿಲ್ಲ.”

ಮಧ್ಯದ ಬಿಡುವಿನಲ್ಲಿ ದೀಪ ಹತ್ತಿದವು. ಯಮನಪ್ಪ ಮೊದಲೇ ಹೇಳಿಟ್ಟಿದ್ದನೆಂದು ಕಾಣುತ್ತದೆ. ಥೇಟರಿನ ಮ್ಯಾನೇಜರು ಪರದೆಯ ಮುಂದೆ ನಿಂತು ಧ್ವನಿವರ್ಧಕದಲ್ಲಿ ಹೇಳಿದ: “ಈ ಚಿತ್ರಕ್ಕಾಗಿ ಬಾದಾಮಿ ಗುಡ್ಡದ ತುದಿಯಿಂದ ಹಾರಿ ಪ್ರಾಣಾ ಕೊಟ್ಟ ಮಹಾಪುರುಷರ ತಾಯಿಯವರು ನಮ್ಮ ನಡುವ ಕುಂತಾರ. ದರ್ಶನಾ ತಗೋಬೇಕಂತ ವಿನಂತಿ. ಗದ್ದಲಾ ಮಾಡಬ್ಯಾಡ್ರಿ.”

ಗದ್ದಲವಾಯಿತು. ಇಡೀ ಥೇಟರು ನಮ್ಮ ಬೆಂಚಿನ ಕಡೆ ತಿರುಗಿತು. ಮಡಿಯ ಅತ್ತೆ ಕಾಲು ಮೇಲೆಳೆದುಕೊಂಡರು, ಆಮೇಲೆ ಕೆಳಗೆ ಬಿಟ್ಟರು. ಇನ್ನೂರು ಜನ ಅವರ ಕಾಲು ಮುಟ್ಟಿದರು. ಸೋಡಾ ಮಾರುವವನು ಬುಟ್ಟಿ ಇಳಿಸಿ ಮುಟ್ಟಿ, ಅವರ ಕೈಯಲ್ಲಿ ಒಂದು ಸೋಡಾ ಇಟ್ಟು ಹೋದ. ಒಬ್ಬ ಹೆಂಗಸು ನನ್ನ ಕಿವಿಯ ಹತ್ತಿರ ಬಾಗಿದಳು.

“ಎಷ್ಟ ಎತ್ತರ ಇತ್ತಬೇ ಯವ್ವಾ, ಗುಡ್ಡ?”

ಅತ್ತೆ ಕೇಳುತ್ತಿದ್ದರು. ನಾನು ಉತ್ತರ ಕೊಡಲಿಲ್ಲ.

“ಪಾಪ, ಮಾತ ಹೋಗ್ಯಾವು” ಎಂದು ಅವಳು ಉಳಿದವರಿಗೆ ಹೇಳಿದಳು.

ಬಿಡುವಿನ ಬಳಿಕ ಬಂಡೆ ಬಂತು. ನಮ್ಮ ಉತ್ತರದ ಕೋಟೆ. ಪರದೆಯ ಮೇಲೆ ಅದು ಲಂಕೆಗೆ ಎದುರಿನ ಕಡಲ ದಡದಲ್ಲಿತ್ತು. ದೂರದಲ್ಲಿ, ಹೆಬ್ಬೆರಳಿನಷ್ಟು ಗಾತ್ರದ ಒಬ್ಬ ಹನುಮಂತ ಬಂಡೆ ಏರುತ್ತಿದ್ದ. ಹತ್ತಿ ತುಂಬಿದ ತೋಳುಗಳನ್ನು ಮೈಗೆ ತಾಗಿಸಲಾಗದೆ ಎರಡೂ ಬದಿಗೆ ಹಿಡಿದಿದ್ದ. ತುದಿ ಮುಟ್ಟಿದ. ಕೈ ಜೋಡಿಸಿದ. ಹಾರಲು ನಾಲ್ಕು ಹೆಜ್ಜೆ ಮುಂದೆ ಹೋದ. ನಿಂತ. ತಿರುಗಿ ನಾಲ್ಕು ಹೆಜ್ಜೆ ಹಿಂದೆ ಬಂದ. ಕೈಯನ್ನು ಬೆನ್ನ ಹಿಂದೆ ಒಯ್ದು ಬಾಲವನ್ನು ಮೂರು ಸಲ ಜಗ್ಗಿದ.

“ಗಟ್ಟಿ ಐತೋ ಇಲ್ಲೋ ನೋಡಾಕತ್ತಾನಲೇ” ಎಂದು ಗಂಡಸರ ಕಡೆಯಿಂದ ಯಾರೋ ಅಂದರು. ಥೇಟರು ನಕ್ಕಿತು.

ಆಮೇಲೆ ಆತ ಹಾರಿದ. ಹಾರಿದ ಮರುಗಳಿಗೆಯಲ್ಲಿ ಆಕಾಶದಲ್ಲಿ ಇದ್ದವನು ಮದರಾಸಿನವನು.

ನನ್ನ ಗಂಡ ಹನ್ನೆರಡು ಎಣಿಸುವಷ್ಟು ಹೊತ್ತು ಪರದೆಯ ಮೇಲಿದ್ದರು. ನಾನು ಎಣಿಸಿದೆ. ಅತ್ತೆ ಆ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನೋಡಲಿಲ್ಲವೆಂದುಕೊಂಡೆ.

ಆ ರಾತ್ರಿ ರಾಯರ ಮಠದಲ್ಲಿ ಮಲಗಿ, ಬೆಳಿಗ್ಗೆ ತುಳಸಿಗೇರಿಯ ಬಸ್ಸು ಹಿಡಿದೆವು. ಸೋಮವಾರ, ಆಟದ ದಿನ. ಅಗಸಿಯ ಹತ್ತಿರ ಇಳಿದು ಗಂಟು ಬಿಚ್ಚಿದೆ. ಬಾಲ ಊರೊಳಗೆ ಗಂಟಿನಲ್ಲಿ ಹೋಗುವಂತಿಲ್ಲ. ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆಗೆ ಅರವತ್ತೆಂಟು.

“ತಿರುಗು” ಎಂದರು.

ತಿರುಗಿದೆ. ಅವರು ಬಾಲವನ್ನು ನನ್ನ ನಡುವಿಗೆ ಕಟ್ಟಿದರು. ಎಳೆಯ ಆಡಿನಷ್ಟು ಭಾರವಿತ್ತು. ತುದಿ ಧೂಳಿನಲ್ಲಿ ಎಳೆಯಬಾರದೆಂದು ಅವರು ಅದನ್ನು ಎತ್ತಿ ಹಿಡಿದು ಹಿಂದೆ ಬಂದರು. ಹೀಗೆ ಬಿ.ಎ. ಎರಡನೆಯ ದರ್ಜೆಯಲ್ಲಿ ಪಾಸಾದ ನಾನು ತುಳಸಿಗೇರಿಯ ನಡುಬೀದಿಯಲ್ಲಿ ಬಾಲದೊಡನೆ ನಡೆದೆ. ಯಾರಾದರೂ ನಕ್ಕಿದ್ದರೆ ಬೇಗ ನಡೆಯಬಹುದಿತ್ತು. ಯಾರೂ ನಗಲಿಲ್ಲ. ಕಟ್ಟೆಯ ಮೇಲಿನ ಗಂಡಸರು ಎದ್ದು ನಿಂತು ರುಮಾಲು ಸರಿಮಾಡಿಕೊಂಡು ಕೈಮುಗಿದರು. ಒಂದು ನಾಯಿ ಮಾತ್ರ ಅನುಮಾನದಿಂದ ಕೊನೆಯತನಕ ಬಂತು.

ಲಗಮವ್ವ ಅಂಗಳದಲ್ಲಿ ಗೋಧಿ ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟು, ಮೊದಲು ಬಾಲವನ್ನು ನೋಡಿದಳು, ಆಮೇಲೆ ನಮ್ಮನ್ನು.

“ಬರ್ರಿ ಅವ್ವಾರ. ಉಣ್ಣಿ ಮಾಸೈತಿ. ಏನೇನಕ್ಕ ಸವರೀರಿ?”

“ಎಮ್ಮಿಗೆ” ಎಂದೆ.

ಅವಳು ನನ್ನ ಹಿಂದೆ ಕುಳಿತು ಗಂಟನ್ನು ಕೈಯಲ್ಲಿ ಹಿಡಿದಳು. ಬೆರಳು ಒರಟಾಗಿದ್ದವು.

“ಈಗ ಖರೆ ಹೇಳು ಮಗಳ. ಸಂಜೀಕ ಆಟ ಐತಿ. ಬಾಲ ಇದ್ದಷ್ಟ ದಿನ ನಿನ್ನ ಗಂಡ ಉಳ್ಳಾಗಡ್ಡಿ ತಿಂದಿದ್ನೇನ?”

“ನಮ್ಮ ಮನ್ಯಾಗ ಅದರ ಹೆಸರೂ ಎತ್ತೂದಿಲ್ಲ” ಎಂದರು ಈರುಳ್ಳಿ ಮುಟ್ಟದ ಅತ್ತೆ, ಬಾಲದ ತುದಿಯಿಂದ.

“ತಿಂದಾರ” ಎಂದೆ. “ಯಮನಪ್ಪನ ಮನ್ಯಾಗ. ಶನಿವಾರ, ಝುಣಕದ ಜೊತಿ.”

ಹಿಂದೆ ಗೆಜ್ಜೆ ಒಮ್ಮೆ ಸದ್ದಾಯಿತು.

“ಎಷ್ಟ ಶನಿವಾರ?”

“ಎಲ್ಲಾ ಶನಿವಾರ.”

“ಆತು. ಯಾರ ಮ್ಯಾಲರ ಕೈ ಎತ್ತಿದ್ನೇನ?”

“ಇಲ್ಲ. ಹಲ್ಲಿ ಮ್ಯಾಲೂ ಇಲ್ಲ.”

“ಹೆಂಗ ಹೋದ?”

ಅಂಗಳದಲ್ಲಿ ಕೋಳಿಗಳು ಚೆಲ್ಲಿದ ಗೋಧಿಯನ್ನು ಹೆಕ್ಕುತ್ತಿದ್ದವು. ಗೋಡೆಯ ಆಚೆ ಯಾರೋ ಮೃದಂಗಕ್ಕೆ ಕಣಕ ಹಚ್ಚಿ ಶ್ರುತಿ ನೋಡುತ್ತಿದ್ದರು. ಗುಡ್ಡವೆಂದರೆ ಎರಡೇ ಅಕ್ಷರ. ದಫ್ತರದಲ್ಲಿತ್ತು, ಧ್ವನಿವರ್ಧಕದಲ್ಲಿ ಬಂದಿತ್ತು. ಅತ್ತೆ ಅದರ ಮೇಲೆ ಅರ್ಧ ರೊಟ್ಟಿ ಉಂಡಿದ್ದರು.

“ಸ್ಟೂಲಿನಿಂದ ಬಿದ್ದರು” ಎಂದೆ. “ಈ ಬಾಲಾ ತಗ್ಯಾಕ ಹತ್ತಿದ್ರು, ನಿಮಗ ಕೊಡಬೇಕಂತ. ಸ್ಟೂಲಿನ ಕಾಲು ಅಲಗಾಡ್ತದ. ಹಿಡೀ ಬಾ ಅಂತ ನನ್ನ ಕರದ್ರು. ನಾ ಓದ್ಲಿಕ್ಕೆ ಹತ್ತಿದ್ದೆ. ನಾಕು ಸಾಲು ಉಳದಿದ್ವು. ಬಂದೆ ಅಂದೆ.”

“ಹೋದಿಲ್ಲ?”

“ನಾಕು ಸಾಲು ಓದಿ ಹೋದೆ.”

ಲಗಮವ್ವ ಗಂಟನ್ನು ಬಿಚ್ಚತೊಡಗಿದಳು.

“ನನ್ನ ಗಂಡ ಇದನ್ನ ಕಟಗೊಂಡು ಮೂವತ್ತ ವರ್ಸ ಲಂಕಾ ಸುಟ್ಟ. ಸತ್ತದ್ದು ಹೊಟ್ಟಿ ಕೆಟ್ಟು. ಹಳಸಿದ ಹುಗ್ಗಿ ನಾನ ಬಡಿಸಿದ್ದೆ, ಚೆಲ್ಲಾಕ ಮನಸ ಬರಲಿಲ್ಲ. ಊರಾಗ ಕೇಳು, ಹಾವ ಕಡದಿತ್ತು ಅಂತಾರ. ನಾನ ಹೇಳೇನಿ ಹಂಗ. ಈ ಬಾಲಕ್ಕ ಮಾತ್ರ ಖರೆ ಹೇಳೇನಿ.” ಗಂಟು ಸಡಿಲಾಯಿತು. “ಕುಣಿಯಾವ್ರೆಲ್ಲಾ ಹಿಂಗ ಸಾಯತಾರ. ಬಿಡ್ರಿ ಅವ್ವಾರ, ತುದಿ ಬಿಡ್ರಿ.”

ಅತ್ತೆ ಬಿಡಲಿಲ್ಲ.

“ಅವ್ವಾರ, ಬಿಡ್ರಿ. ಪೆಟಿಗ್ಯಾಗ ಇಡಬೇಕು.”

ನಾನು ತಿರುಗಿ ನೋಡಲಿಲ್ಲ. ನಡುವಿನ ಭಾರ ಇಳಿಯಿತು, ಗೆಜ್ಜೆ ನನ್ನನ್ನು ದಾಟಿ ಒಳಗೆ ಹೋದ ಸದ್ದಾಯಿತು. ಲಗಮವ್ವ ಕತ್ತಲ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕಿ ಬೀಗ ಒತ್ತಿದಳು. ಹೊರಗೆ ಬಂದು ಇಬ್ಬರಿಗೂ ಒಂದೊಂದು ಬೆಲ್ಲದ ಚೂರು, ನೀರು ಕೊಟ್ಟಳು. ಇನ್ನು ಕಾರ್ಡು ಬರೆಸುವುದಿಲ್ಲವೆಂದಳು.

ಅತ್ತೆ ಅಂಗಳ ದಾಟಿ ಮುಂದೆ ನಡೆದರು; ನಾನು ಹಿಂದೆ ನಡೆದೆ. ನಾಲ್ಕು ಹೆಜ್ಜೆ ಹೋಗಿರಬಹುದು, ಅವರು ನಿಂತರು. ತಿರುಗಿ, ನನ್ನನ್ನು ದಾಟಿ, ಲಗಮವ್ವನನ್ನೂ ದಾಟಿ ಒಳಗೆ ಹೋದರು. ಕತ್ತಲ ಕೋಣೆಯಲ್ಲಿ ಅವರು ಪೆಟ್ಟಿಗೆಯ ಬೀಗವನ್ನು ಜಗ್ಗಿ ನೋಡುವುದು ಕೇಳಿಸಿತು.

ಮೂರು ಸಲ.